ನೊರೆಯ ಕೆಳಗಿನ ಮೀನು: ಕೆಲವರಪಳ್ಳಿ ಜಲಾಶಯದ ಒಂದು ಪ್ರಕರಣ ಅಧ್ಯಯನ

ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆಯ ಬಯಲನ್ನು ದಾಟಿ, ಬೆಂಗಳೂರಿನ ಪೂರ್ವದ ಅಂಚಿನಲ್ಲಿ ನಗರದ ಕೊಳಚೆಯನ್ನು ತುಂಬಿಕೊಂಡು ತಮಿಳುನಾಡನ್ನು ಸೇರುತ್ತದೆ. ಗಡಿ ದಾಟಿದ ಮೇಲೆ ತೆನ್‌ಪೆಣ್ಣೈ ಎನಿಸಿಕೊಳ್ಳುವ ಈ ನದಿಗೆ ಮೊದಲು ಸಿಗುವ ದೊಡ್ಡ ಅಣೆಕಟ್ಟು ಹೊಸೂರಿನ ಪಕ್ಕದ ಕೆಲವರಪಳ್ಳಿಯದು. ಅದರ ಪೂರ್ಣ ಮಟ್ಟ 44.28 ಅಡಿ. ಎಡದಂಡೆ ಮತ್ತು ಬಲದಂಡೆ ಕಾಲುವೆಗಳು ಸುಮಾರು 8,000 ಎಕರೆ ಜಮೀನಿಗೆ ನೀರು ಹಾಯಿಸುತ್ತವೆ; ಆ ನೀರಿನಲ್ಲಿ ರಾಗಿ, ಟೊಮೆಟೊ, ಎಲೆಕೋಸು, ಕೊತ್ತಂಬರಿ ಬೆಳೆಯುತ್ತವೆ. ಕನ್ನಡ, ತೆಲುಗು, ತಮಿಳು ಮೂರನ್ನೂ ಒಂದೇ ಅಂಗಳದಲ್ಲಿ ಆಡುವ ಈ ಸೀಮೆಯ ರೈತರಿಗೆ ಜಲಾಶಯದ ನೀರು ಯಾವ ರಾಜ್ಯದ ಪಾಲು ಎನ್ನುವ ಪ್ರಶ್ನೆಗಿಂತ, ಅದರಲ್ಲಿ ಏನು ಸೇರಿ ಬರುತ್ತಿದೆ ಎನ್ನುವ ಪ್ರಶ್ನೆ ದಿನನಿತ್ಯ ಎದುರಾಗುತ್ತದೆ.

ಮಳೆ ಹಿಡಿದು ಮದಗಿನ ಬಾಗಿಲುಗಳನ್ನು ತೆರೆದಾಗ ನದಿಯ ತುಂಬ ಬಿಳಿ ನೊರೆ ಏಳುತ್ತದೆ. ಅದು ಆಳೆತ್ತರ ಬೆಳೆದು, ಗಾಳಿಗೆ ಹಾರಿ, ಕಾಲುವೆಯ ಪಕ್ಕದ ಬೆಳೆಯ ಮೇಲೆ ಕೂರುತ್ತದೆ. ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ, ಎರಡೂ ರಾಜ್ಯಗಳ ಅಧಿಕಾರಿಗಳು ನೀರಿನ ಮಾದರಿ ತೆಗೆದುಕೊಂಡು ಹೋಗುತ್ತಾರೆ. ಕೆಲವು ಸಲ ಅಂಚಿನಲ್ಲಿ ಸತ್ತ ಮೀನುಗಳು ತೇಲುತ್ತವೆ. ಆಗ ಕೂಗು ಇನ್ನಷ್ಟು ಜೋರಾಗುತ್ತದೆ. ನೊರೆ ಇಳಿದು, ಸತ್ತ ಮೀನು ಕಾಣದಾದಾಗ ನದಿ ಸುಧಾರಿಸಿತು ಎಂಬ ಭಾವನೆ ಮೂಡುತ್ತದೆ. ಈ ಭಾವನೆ ತಪ್ಪು ಎಂಬುದೇ ಈ ಅಧ್ಯಯನದ ವಾದ. ನೊರೆಯೂ ಸತ್ತ ಮೀನೂ ತಿಳಿಸದ ಒಂದು ಕೆಡುಕಿದೆ. ಅದು ಬದುಕಿರುವ, ತಿನ್ನುತ್ತಿರುವ, ಬಲೆಗೆ ದಪ್ಪನಾಗಿಯೇ ಬೀಳುವ ಮೀನಿನ ವೃಷಣ ಮತ್ತು ಅಂಡಾಶಯಗಳಲ್ಲಿ ನಡೆಯುವಂಥದು: ಕೊಳಚೆಯೊಡನೆ ಬರುವ ಸ್ತ್ರೀ ಹಾರ್ಮೋನುಗಳೂ ಅವುಗಳಂತೆ ವರ್ತಿಸುವ ವಸ್ತುಗಳೂ ಗಂಡು ಮೀನನ್ನು ಹೆಣ್ಣಿನ ಕಡೆಗೆ ವಾಲಿಸಿ ಸಂತಾನವನ್ನು ಕೆಡಿಸುತ್ತವೆ. ಕೊಳಚೆ ಸೇರುವ ನದಿಗಳಲ್ಲಿ ಅದು ಹೇಗೆ ನಡೆಯುತ್ತದೆ ಎಂಬುದು ಬೇರೆ ದೇಶಗಳಲ್ಲಿ ನಾಲ್ಕು ದಶಕಗಳ ಕೆಲಸದಿಂದ ಸ್ಪಷ್ಟವಾಗಿದೆ. ಆ ತಿಳಿವಳಿಕೆಯನ್ನು ಕೆಲವರಪಳ್ಳಿಯ ನೀರಿಗೆ, ಇಲ್ಲಿನ ಮೀನಿಗೆ, ಇಲ್ಲಿನ ಮೀನುಗಾರಿಕೆಯ ಪದ್ಧತಿಗೆ ಹೊಂದಿಸಿ ನೋಡುವುದು ಇಲ್ಲಿನ ಉದ್ದೇಶ. ಇಲ್ಲಿನ ಮೀನಿನ ಬಗ್ಗೆ ಮುಂದೆ ಹೇಳುವುದು ನೀರಿನ ಸ್ಥಿತಿಯಿಂದ ತೆಗೆದ ಅನುಮಾನವೇ ಹೊರತು ಅಳೆದು ಕಂಡ ಫಲಿತಾಂಶವಲ್ಲ ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ನದಿಗೆ ಸೇರುವುದೇನು

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ, ವರ್ತೂರಿನ ಕೋಡಿಯಿಂದ ದಕ್ಷಿಣ ಪಿನಾಕಿನಿಗೆ ಹರಿಯುತ್ತದೆ. ವರ್ತೂರು 2015ರ ಬೇಸಿಗೆಯಲ್ಲಿ ನೊರೆಗೆ, ಬೆಳ್ಳಂದೂರು 2015, 2017 ಮತ್ತು 2018ರಲ್ಲಿ ಬೆಂಕಿಗೆ ದೇಶದಾದ್ಯಂತ ಸುದ್ದಿಯಾದವು. ಈ ಕೆರೆಗಳ ಸರಣಿಗೆ ದಿನಕ್ಕೆ ಬರುವ ಕೊಳಚೆಯನ್ನು ಸುಮಾರು 50 ಕೋಟಿ ಲೀಟರ್ ಎಂದು ಅಂದಾಜು ಮಾಡಲಾಗಿತ್ತು. ಆ ಬಳಿಕ ಸಂಸ್ಕರಣಾ ಘಟಕಗಳು ಹೆಚ್ಚಿವೆ. 2018ರಿಂದ ಅಲ್ಲಿನ ಸಂಸ್ಕರಿಸಿದ ನೀರಿನ ದೊಡ್ಡ ಪಾಲು ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಆದರೂ ಮಳೆಗಾಲದ ನೊರೆ ಹೊಸೂರಿಗೆ ತಪ್ಪಿಲ್ಲ.

ನೊರೆಗೆ ಮುಖ್ಯ ಕಾರಣ ಬಟ್ಟೆ–ಪಾತ್ರೆ ತೊಳೆಯುವ ಮಾರ್ಜಕಗಳ ಮೇಲ್ಮೈ ಸಕ್ರಿಯ ವಸ್ತುಗಳು. ಬೆಳ್ಳಂದೂರಿನ ನೊರೆಯನ್ನು ಅಭ್ಯಸಿಸಿದ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು, ಈ ವಸ್ತುಗಳ ಒಂದು ಪಾಲು ಕೆರೆಯ ತಳದ ಹೂಳಿನಲ್ಲಿ ಕೂಡಿಡಲ್ಪಟ್ಟು, ಮಳೆಯ ನೀರು ರಭಸದಿಂದ ನುಗ್ಗಿದಾಗ ಕದಡಿ ಮೇಲೆ ಬರುತ್ತದೆ ಎಂದು ತೋರಿಸಿದ್ದಾರೆ. ಮಳೆ ಬಂದರೆ ನೀರು ತಿಳಿಯಾಗಬೇಕಾದಲ್ಲಿ ನೊರೆ ಹೆಚ್ಚುವುದು ಇದರಿಂದಲೇ. ಹೂಳು ಹೀಗೆ ಉಗ್ರಾಣದಂತೆ ವರ್ತಿಸುತ್ತದೆ ಎಂಬ ಅಂಶವನ್ನು ನೆನಪಿಡಬೇಕು, ಏಕೆಂದರೆ ಹಾರ್ಮೋನಿನ ಕತೆಯಲ್ಲಿಯೂ ಅದು ಬರುತ್ತದೆ.

ಆದರೆ ಮನೆಬಳಕೆಯ ಸೋಪಿನ ಪುಡಿಯಲ್ಲಿ ಹೆಚ್ಚಾಗಿರುವ ಮೇಲ್ಮೈ ಸಕ್ರಿಯ ವಸ್ತುಗಳು ನೊರೆ ಎಬ್ಬಿಸಿದರೂ ಹಾರ್ಮೋನಿನಂತೆ ವರ್ತಿಸುವುದಿಲ್ಲ. ಹಾಗೆ ವರ್ತಿಸುವುದು ಬೇರೊಂದು ಗುಂಪು: ಜವಳಿ ಕೆಲಸದಲ್ಲಿ, ಕೈಗಾರಿಕಾ ಶುಚಿಕಾರಕಗಳಲ್ಲಿ ಬಳಸುವ ನಾನಿಲ್‌ಫೀನಾಲ್ ಇಥಾಕ್ಸಿಲೇಟ್‌ಗಳು. ಇವು ಆಮ್ಲಜನಕವಿಲ್ಲದ ಹೂಳಿನಲ್ಲಿ ಒಡೆದಾಗ ಮೂಲ ವಸ್ತುವಿಗಿಂತ ಹೆಚ್ಚು ಸ್ತ್ರೀ ಹಾರ್ಮೋನಿನ ಗುಣವುಳ್ಳ ನಾನಿಲ್‌ಫೀನಾಲ್ ಉಳಿಯುತ್ತದೆ. ಯುರೋಪಿನ ಒಕ್ಕೂಟ 2005ರಿಂದ ಬಹುತೇಕ ಬಳಕೆಗಳಲ್ಲಿ ಇದನ್ನು ನಿರ್ಬಂಧಿಸಿದೆ. ನಾನಿಲ್‌ಫೀನಾಲ್, ಸಹಜ ಸ್ತ್ರೀ ಹಾರ್ಮೋನಾದ ಎಸ್ಟ್ರಡಯಾಲ್‌ಗಿಂತ ಸಾವಿರಾರು ಪಟ್ಟು ದುರ್ಬಲ. ಆದರೆ ಕಲುಷಿತ ನೀರಿನಲ್ಲಿ ಅದರ ಪ್ರಮಾಣವೂ ಸಾವಿರ ಪಟ್ಟು ಹೆಚ್ಚಿರಬಲ್ಲದು. ಟ್ರೌಟ್ ಮೀನಿನ ಮೇಲೆ ನಡೆದ ಪ್ರಯೋಗಗಳಲ್ಲಿ ಲೀಟರಿಗೆ ಸುಮಾರು 10 ಮೈಕ್ರೊಗ್ರಾಂ ತಲುಪಿದಾಗ ಗಂಡು ಮೀನಿನಲ್ಲಿ ಪರಿಣಾಮ ಕಾಣಿಸಿದೆ.

ಇದಕ್ಕಿಂತ ದೊಡ್ಡ ಮೂಲ ನಾವೇ. ಮನುಷ್ಯರ ಮೂತ್ರದಲ್ಲಿ ಎಸ್ಟ್ರಡಯಾಲ್ ಮತ್ತು ಎಸ್ಟ್ರೋನ್ ಎಂಬ ಸಹಜ ಸ್ತ್ರೀ ಹಾರ್ಮೋನುಗಳು ದಿನವೂ ಹೊರಬೀಳುತ್ತವೆ. ಗರ್ಭಿಣಿಯರಲ್ಲಿ ಈ ಪ್ರಮಾಣ ಹಲವು ಪಟ್ಟು ಹೆಚ್ಚು. ಯಕೃತ್ತು ಈ ಹಾರ್ಮೋನುಗಳಿಗೆ ಗ್ಲುಕುರೊನಿಕ್ ಆಮ್ಲ ಅಥವಾ ಸಲ್ಫೇಟನ್ನು ಜೋಡಿಸಿ ನಿಷ್ಕ್ರಿಯಗೊಳಿಸಿಯೇ ಹೊರಕ್ಕೆ ಕಳಿಸುತ್ತದೆ. ಆದರೆ ಕೊಳಚೆಯಲ್ಲಿರುವ ಮಲದ ಬ್ಯಾಕ್ಟೀರಿಯಾಗಳ ಬಳಿ ಆ ಜೋಡಣೆಯನ್ನು ಕತ್ತರಿಸುವ ಕಿಣ್ವವಿರುತ್ತದೆ. ದೇಹ ಕಟ್ಟಿ ಕಳಿಸಿದ್ದನ್ನು ಚರಂಡಿ ಬಿಚ್ಚಿ ಮತ್ತೆ ಜೀವಂತ ಹಾರ್ಮೋನಾಗಿಸುತ್ತದೆ. ಇವುಗಳ ಜೊತೆಗೆ ಗರ್ಭನಿರೋಧಕ ಮಾತ್ರೆಗಳ ಇಥಿನೈಲ್ ಎಸ್ಟ್ರಡಯಾಲ್ ಸೇರುತ್ತದೆ. ಸರಕಾರ ಹಂಚುವ ಮಾಲಾ-ಎನ್ ಮಾತ್ರೆಯೊಂದರಲ್ಲಿ ಅದು 0.03 ಮಿಲಿಗ್ರಾಂ ಇದೆ. ಸುಲಭವಾಗಿ ಕೊಳೆಯದ ಈ ಕೃತಕ ಹಾರ್ಮೋನು ಮೀನಿನ ಮಟ್ಟಿಗೆ ಸಹಜ ಎಸ್ಟ್ರಡಯಾಲ್‌ಗಿಂತ ಹಲವು ಪಟ್ಟು ಪ್ರಬಲ. ಯುರೋಪಿನ ಬರಹಗಳನ್ನು ಓದಿದವರು ಮಾತ್ರೆಯನ್ನೇ ಮುಖ್ಯ ಅಪರಾಧಿ ಎಂದುಕೊಳ್ಳುವುದುಂಟು. ನಮ್ಮಲ್ಲಿ ಗರ್ಭನಿರೋಧಕ್ಕೆ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದ ವಿವಾಹಿತ ಮಹಿಳೆಯರು ಶೇಕಡಾ 38ರಷ್ಟಿದ್ದರೆ, ಮಾತ್ರೆ ನುಂಗುವವರು ಶೇಕಡಾ 5ರಷ್ಟು ಮಾತ್ರ ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆದ್ದರಿಂದ ಬೆಂಗಳೂರಿನ ಕೊಳಚೆಯಲ್ಲಿ ಸಹಜ ಹಾರ್ಮೋನುಗಳ ಪಾಲೇ ದೊಡ್ಡದಿರುತ್ತದೆ ಎಂದು ಭಾವಿಸಲು ಕಾರಣವಿದೆ. ಹೊಣೆಯನ್ನು ಮಾತ್ರೆ ನುಂಗುವ ಹೆಂಗಸರ ತಲೆಗೆ ಕಟ್ಟುವುದು ನ್ಯಾಯವೂ ಅಲ್ಲ, ವಿಜ್ಞಾನವೂ ಅಲ್ಲ.

ಈ ಪ್ರಮಾಣಗಳು ಎಷ್ಟು ಚಿಕ್ಕವು ಎಂಬುದಕ್ಕೆ ಒಂದು ಲೆಕ್ಕ ಸಾಕು. ಒಂದು ಲೀಟರಿಗೆ ಒಂದು ನ್ಯಾನೊಗ್ರಾಂ ಎಂದರೆ ನೂರು ಕೋಟಿ ಲೀಟರಿಗೆ ಒಂದು ಗ್ರಾಂ. ದಿನಕ್ಕೆ 50 ಕೋಟಿ ಲೀಟರ್ ಹರಿವಿನಲ್ಲಿ ಲೀಟರಿಗೆ 5 ನ್ಯಾನೊಗ್ರಾಂ ಹಾರ್ಮೋನು ಇರಬೇಕಾದರೆ ದಿನವೊಂದಕ್ಕೆ ಎರಡೂವರೆ ಗ್ರಾಂ ಸೇರಿದರೆ ಸಾಕು. ಲೀಟರಿಗೆ 5 ನ್ಯಾನೊಗ್ರಾಂ ಇಥಿನೈಲ್ ಎಸ್ಟ್ರಡಯಾಲ್ ಒಂದು ಕೆರೆಯ ಮೀನಿನ ಸಂತತಿಯನ್ನೇ ಕುಸಿಯುವಂತೆ ಮಾಡಬಲ್ಲದು ಎಂಬುದನ್ನು ಮುಂದೆ ನೋಡಲಿದ್ದೇವೆ.

ಮೀನಿನ ದೇಹದಲ್ಲಿ ನಡೆಯುವುದು

ಮನುಷ್ಯರಲ್ಲಿ ಲಿಂಗವನ್ನು ನಿರ್ಧರಿಸುವ ವರ್ಣತಂತುಗಳ ಮಾತು ಬಹುಮಟ್ಟಿಗೆ ಅಂತಿಮ. ಮೀನಿನಲ್ಲಿ ಹಾಗಲ್ಲ. ಮೊಟ್ಟೆಯೊಡೆದ ಮರಿಯ ಜನನಾಂಗದ ಗ್ರಂಥಿ ಆರಂಭದಲ್ಲಿ ಎರಡು ದಾರಿಗೂ ತೆರೆದಿರುತ್ತದೆ. ಅರೋಮಟೇಸ್ ಎಂಬ ಕಿಣ್ವ ಚುರುಕಾದರೆ ಗಂಡು ಹಾರ್ಮೋನು ಎಸ್ಟ್ರಡಯಾಲ್ ಆಗಿ ಪರಿವರ್ತನೆಗೊಂಡು ಗ್ರಂಥಿ ಅಂಡಾಶಯವಾಗುತ್ತದೆ. ಅದು ಮಂಕಾಗಿದ್ದರೆ ವೃಷಣವಾಗುತ್ತದೆ. ವರ್ಣತಂತು ಈ ತೂಕವನ್ನು ಒಂದು ಕಡೆ ವಾಲಿಸುತ್ತದೆ, ನಿಜ. ಆದರೆ ಆ ಕೆಲವು ವಾರಗಳಲ್ಲಿ ಹೊರಗಿನಿಂದ ಹಾರ್ಮೋನು ಬಂದರೆ ತೂಕ ಇನ್ನೊಂದು ಕಡೆಗೆ ವಾಲಿ ಅಲ್ಲಿಯೇ ನಿಲ್ಲಬಹುದು.

ಇದು ಮೀನು ಸಾಕುವವರಿಗೆ ಹೊಸ ವಿಷಯವಲ್ಲ. ನಮ್ಮ ಕಡೆ ಜಿಲೇಬಿ ಎಂದು ಮಾರಾಟವಾಗುವ ತಿಲಾಪಿಯಾ ಮೀನಿನಲ್ಲಿ ಗಂಡು ಬೇಗ ದಪ್ಪವಾಗುವುದರಿಂದ, ಜಗತ್ತಿನ ಅನೇಕ ಮರಿ ಉತ್ಪಾದನಾ ಕೇಂದ್ರಗಳಲ್ಲಿ ಎಳೆಯ ಮರಿಗಳ ಮೇವಿಗೆ ಕಿಲೋಗೆ 60 ಮಿಲಿಗ್ರಾಂನಷ್ಟು ಮೀಥೈಲ್ ಟೆಸ್ಟೊಸ್ಟೆರಾನ್ ಬೆರೆಸಿ ಮೂರು ನಾಲ್ಕು ವಾರ ತಿನ್ನಿಸುತ್ತಾರೆ. ಹಾಗೆ ಮಾಡಿದಾಗ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮರಿಗಳು, ಹುಟ್ಟಿನಿಂದ ಹೆಣ್ಣಾಗಬೇಕಿದ್ದವೂ ಸೇರಿ, ಗಂಡಾಗಿ ಬೆಳೆಯುತ್ತವೆ. ಮೇವು ನಿಲ್ಲಿಸಿದ ಮೇಲೂ ಜೀವನಪೂರ್ತಿ ಗಂಡಾಗಿಯೇ ಉಳಿಯುತ್ತವೆ. ಸರಿಯಾದ ವಯಸ್ಸಿನಲ್ಲಿ ಕೆಲವೇ ವಾರ ಸಿಕ್ಕ ಹಾರ್ಮೋನು ಶಾಶ್ವತ ಬದಲಾವಣೆ ತರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಕೊಳಚೆ ನದಿಯಲ್ಲಿ ನಡೆಯುವುದು ಇದರ ಉಲ್ಟಾ ದಿಕ್ಕಿನ ಪ್ರಯೋಗ. ವ್ಯತ್ಯಾಸವೆಂದರೆ ಅಲ್ಲಿ ಪ್ರಮಾಣವನ್ನು ಯಾರೂ ತೂಗಿ ಹಾಕುವುದಿಲ್ಲ, ಯಾವಾಗ ನಿಲ್ಲಿಸಬೇಕೆಂದು ಯಾರೂ ನಿರ್ಧರಿಸುವುದಿಲ್ಲ.

ಬೆಳೆದ ಗಂಡು ಮೀನಿನಲ್ಲಿಯೂ ಪರಿಣಾಮ ಉಂಟು, ಅದು ಬೇರೆ ಬಗೆಯದು. ಹೆಣ್ಣು ಮೀನಿನ ಯಕೃತ್ತು ಎಸ್ಟ್ರಡಯಾಲ್‌ನ ಆದೇಶದಂತೆ ವಿಟೆಲೊಜೆನಿನ್ ಎಂಬ ಪ್ರೋಟೀನನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅಂಡಾಶಯ ಅದನ್ನು ಹೀರಿಕೊಂಡು ಮೊಟ್ಟೆಯ ಹಳದಿ ಭಾಗವನ್ನು ಕಟ್ಟುತ್ತದೆ. ಗಂಡಿನ ಯಕೃತ್ತಿನಲ್ಲಿಯೂ ಇದರ ವಂಶವಾಹಿ ಇದೆ, ಆದೇಶ ಬರುವುದಿಲ್ಲ ಅಷ್ಟೇ. ನೀರಿನಲ್ಲಿ ಸ್ತ್ರೀ ಹಾರ್ಮೋನು ಇದ್ದರೆ ಗಂಡೂ ವಿಟೆಲೊಜೆನಿನ್ ತಯಾರಿಸತೊಡಗುತ್ತದೆ. ಅದನ್ನು ಹೀರಿಕೊಳ್ಳಲು ಅಂಡಾಶಯವಿಲ್ಲದ ಕಾರಣ ಪ್ರೋಟೀನು ರಕ್ತದಲ್ಲಿ ಕೂಡುತ್ತ ಹೋಗಿ ಮೂತ್ರಪಿಂಡವನ್ನು ಹಾಳುಮಾಡುವುದೂ ಉಂಟು. ಇನ್ನು ಮೆದುಳು ಮತ್ತು ಪಿಟ್ಯುಟರಿ ಗ್ರಂಥಿ, ರಕ್ತದಲ್ಲಿ ಹಾರ್ಮೋನು ಸಾಕಷ್ಟಿದೆ ಎಂದು ಭ್ರಮಿಸಿ ವೃಷಣಕ್ಕೆ ಕಳಿಸುವ ಸೂಚನೆಯನ್ನು ಕಡಿಮೆ ಮಾಡುತ್ತವೆ; ವೀರ್ಯಾಣುಗಳ ಬೆಳವಣಿಗೆ ಕುಂಠಿತವಾಗುತ್ತದೆ. ಮೀನು ನೀರಿನಲ್ಲಿಯೇ ಉಸಿರಾಡುವ ಪ್ರಾಣಿಯಾದ್ದರಿಂದ ಹಗಲು ರಾತ್ರಿ ಕಿವಿರುಗಳ ಮೂಲಕ ಹಾರ್ಮೋನು ಒಳಗೆ ಹೋಗುತ್ತಲೇ ಇರುತ್ತದೆ. ಈ ನದಿಯ ಮೀನು ತಿಂದರೆ ನಮಗೇನಾಗುತ್ತದೆ ಎಂದು ಕೇಳುವವರಿಗೆ ಇಷ್ಟು ಹೇಳಬಹುದು: ಒಂದು ಊಟದಲ್ಲಿ ಬರುವ ಹಾರ್ಮೋನಿನ ಪ್ರಮಾಣ ಮನುಷ್ಯನ ದೇಹ ತಾನೇ ತಯಾರಿಸುವುದಕ್ಕೆ ಹೋಲಿಸಿದರೆ ಅತ್ಯಲ್ಪ. ಹಾರ್ಮೋನಿನ ಮಟ್ಟಿಗೆ ಇಲ್ಲಿ ಬಲಿಯಾಗುವುದು ತಿನ್ನುವವರಲ್ಲ, ಮೀನು.

ಹೊರಗಿನ ಸಾಕ್ಷ್ಯ

1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಲೀ ನದಿಗೆ ಸೇರಿದ ಕೊಳಚೆ ಸಂಸ್ಕರಣಾ ಕೊಳಗಳಲ್ಲಿ ಗಾಳ ಹಾಕುತ್ತಿದ್ದವರ ಕೈಗೆ ಗಂಡು–ಹೆಣ್ಣು ಎರಡರ ಲಕ್ಷಣವೂ ಇರುವ ರೋಚ್ ಮೀನುಗಳು ಸಿಕ್ಕವು. ಆ ಬಳಿಕ ಜಾನ್ ಸಂಪ್ಟರ್ ಮತ್ತು ಅವರ ಸಹೋದ್ಯೋಗಿಗಳು ಗಂಡು ರೇನ್‌ಬೋ ಟ್ರೌಟ್‌ಗಳನ್ನು ಪಂಜರದಲ್ಲಿಟ್ಟು ಸಂಸ್ಕರಣಾ ಘಟಕಗಳಿಂದ ಹೊರಬರುವ ನೀರಿನಲ್ಲಿ ಮೂರು ವಾರ ಬಿಟ್ಟರು. 1994ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆ ಮೀನುಗಳ ರಕ್ತದಲ್ಲಿ ವಿಟೆಲೊಜೆನಿನ್ ಪ್ರಮಾಣ ಸ್ಥಳಕ್ಕೆ ತಕ್ಕಂತೆ 500 ಪಟ್ಟಿನಿಂದ ಒಂದು ಲಕ್ಷ ಪಟ್ಟಿನವರೆಗೆ ಏರಿತ್ತು. 1998ರಲ್ಲಿ ಸೂಸನ್ ಜಾಬ್ಲಿಂಗ್ ಮತ್ತು ಸಂಗಡಿಗರು ಎಂಟು ನದಿಗಳ ರೋಚ್ ಮೀನುಗಳ ವೃಷಣವನ್ನು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ, ಘಟಕಗಳ ಕೆಳಹರಿವಿನ ಗಂಡುಗಳಲ್ಲಿ ಶೇಕಡಾ 16ರಿಂದ 100ರವರೆಗೆ ವೃಷಣದೊಳಗೆ ಅಂಡಕೋಶಗಳಿವೆ ಎಂದು ವರದಿ ಮಾಡಿದರು. ಕೊಳಚೆ ಸೇರದ ಜಾಗಗಳಲ್ಲಿಯೂ ಸ್ವಲ್ಪ ಪ್ರಮಾಣ ಕಂಡಿತ್ತು, ಶೇಕಡಾ 4ರಿಂದ 18. ಈ ಎರಡನೆಯ ಅಂಕಿಯನ್ನು ಮರೆಯಬಾರದು. ಹೋಲಿಕೆಯ ಜಾಗವಿಲ್ಲದೆ ಒಂದು ನದಿಯ ಅಂಕಿಯನ್ನಷ್ಟೇ ಹಿಡಿದು ಬೊಬ್ಬೆ ಹಾಕುವುದು ಸಲ್ಲದು ಎಂಬುದನ್ನು ಅದು ಹೇಳುತ್ತದೆ.

ಇವು ನದಿಯ ಮೀನಿನ ದೇಹದಲ್ಲಿ ಬದಲಾವಣೆ ಆಗಿದೆ ಎಂಬುದನ್ನು ತೋರಿಸಿದವು. ಅದರಿಂದ ಸಂತತಿಗೆ ಏನಾಗುತ್ತದೆ ಎಂಬ ಪ್ರಶ್ನೆಗೆ ಕೆನಡಾದಲ್ಲಿ ಉತ್ತರ ಸಿಕ್ಕಿತು. ಒಂಟಾರಿಯೊ ಪ್ರಾಂತ್ಯದ ವಾಯವ್ಯ ಭಾಗದಲ್ಲಿ ಪ್ರಯೋಗಕ್ಕೆಂದೇ ಮೀಸಲಿಟ್ಟ ಕೆರೆಗಳಿವೆ. ಅವುಗಳಲ್ಲಿ 260ನೆಯ ಸಂಖ್ಯೆಯ ಕೆರೆಗೆ ಕ್ಯಾರನ್ ಕಿಡ್ ಅವರ ತಂಡ 2001ರಿಂದ 2003ರವರೆಗೆ ಪ್ರತಿ ಬೇಸಿಗೆಯಲ್ಲಿ ಇಥಿನೈಲ್ ಎಸ್ಟ್ರಡಯಾಲ್ ಬೆರೆಸಿ, ಅದರ ಸಾಂದ್ರತೆಯನ್ನು ಲೀಟರಿಗೆ 5–6 ನ್ಯಾನೊಗ್ರಾಂನಲ್ಲಿ ಇರಿಸಿತು. ಅಲ್ಲಿನ ಫ್ಯಾಟ್‌ಹೆಡ್ ಮಿನ್ನೊ ಎಂಬ ಪುಟ್ಟ ಮೀನಿನ ಗಂಡುಗಳು ವಿಟೆಲೊಜೆನಿನ್ ತಯಾರಿಸತೊಡಗಿದವು, ವೃಷಣಗಳ ಬೆಳವಣಿಗೆ ನಿಂತಿತು, ಕೆಲವುಗಳಲ್ಲಿ ಅಂಡಕೋಶಗಳು ಕಂಡವು, ಹೊಸ ಮರಿಗಳು ಕಾಣದಾದವು. ಕೆಲವೇ ವರ್ಷಗಳ ಆಯುಸ್ಸಿನ ಆ ಮೀನು ಕೆರೆಯಿಂದ ಹೆಚ್ಚುಕಡಿಮೆ ಅಳಿದೇ ಹೋಯಿತು. ಅದನ್ನು ತಿಂದು ಬದುಕುತ್ತಿದ್ದ ದೊಡ್ಡ ಟ್ರೌಟ್‌ಗಳ ಸಂಖ್ಯೆಯೂ ಇಳಿಯಿತು. ಈ ಎಲ್ಲ ಅವಧಿಯಲ್ಲಿ ದಡದಲ್ಲಿ ರಾಶಿ ರಾಶಿ ಸತ್ತ ಮೀನು ಬಿದ್ದಿರಲಿಲ್ಲ. ಇದ್ದ ಮೀನುಗಳು ತಮ್ಮ ಆಯುಸ್ಸು ಮುಗಿಸಿದವು. ಅವುಗಳ ಜಾಗಕ್ಕೆ ಮರಿಗಳು ಬರಲಿಲ್ಲ. ಹಾರ್ಮೋನು ಬೆರೆಸುವುದನ್ನು ನಿಲ್ಲಿಸಿದ ಕೆಲವು ವರ್ಷಗಳ ನಂತರ ಮಿನ್ನೊ ಚೇತರಿಸಿಕೊಂಡಿತು.

ಕೆಲವರಪಳ್ಳಿಯಲ್ಲಿ ಅದು ಕಣ್ಣಿಗೆ ಬೀಳದ ಬಗೆ

ಈಗ ಹೊಸೂರಿಗೆ ಬರೋಣ. 260ನೆಯ ಕೆರೆಯಲ್ಲಿ ಆದಂಥದ್ದು ಇಲ್ಲಿ ಆಗುತ್ತಿದ್ದರೂ ಮೀನುಗಾರಿಕೆಯ ಲೆಕ್ಕದಲ್ಲಿ ಅದು ಕಾಣುವುದು ಕಷ್ಟ. ನಮ್ಮ ಜಲಾಶಯಗಳಲ್ಲಿ ಹಿಡಿಯುವ ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಹರಿಯುವ ನೀರಿನಲ್ಲಿ ಮೊಟ್ಟೆಯಿಡುವ ಜಾತಿಗಳು. ನಿಂತ ನೀರಿನಲ್ಲಿ ಸಾಮಾನ್ಯವಾಗಿ ಸಂತಾನಾಭಿವೃದ್ಧಿ ಮಾಡುವುದಿಲ್ಲ. ಆದ್ದರಿಂದ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿದ ಬಿತ್ತನೆ ಮರಿಗಳನ್ನು ತಂದು ಜಲಾಶಯಕ್ಕೆ ಬಿಡುತ್ತಾರೆ. ಆ ಮರಿಗಳು ತಮ್ಮ ಎಳೆತನದ ಮೊದಲ ವಾರಗಳನ್ನು ಕಳೆದದ್ದು ಕೇಂದ್ರದ ತಿಳಿನೀರಿನಲ್ಲಿ. ಜಲಾಶಯದ ಕಾಟ್ಲಾ ಒಂದನ್ನು ಸೀಳಿ, ಅದರ ವೃಷಣ ಸರಿಯಾಗಿದೆ ಎಂದು ಕಂಡು, ನೀರಿಗೆ ದೋಷವಿಲ್ಲ ಎಂದು ಯಾರಾದರೂ ತೀರ್ಮಾನಿಸಿದರೆ ಅವರು ಪರೀಕ್ಷಿಸಿದ್ದು ಕೇಂದ್ರದ ನೀರನ್ನೇ ಹೊರತು ಪಿನಾಕಿನಿಯನ್ನಲ್ಲ. ಇನ್ನೂ ಮುಖ್ಯವಾಗಿ, ಇಲ್ಲಿನ ಮೀನು ಮರಿ ಹಾಕಲಿ ಬಿಡಲಿ, ಮರಿ ಬಿಡುವ ಪದ್ಧತಿ ಇರುವವರೆಗೆ ಬಲೆ ತುಂಬುತ್ತದೆ. ಸಂತಾನ ಕೆಟ್ಟರೆ ಮೊದಲು ಮರಿ ಕಡಿಮೆಯಾಗಬೇಕು. ಆ ಕೊರತೆಯನ್ನು ಪ್ರತಿ ಸಲವೂ ಹೊರಗಿನಿಂದ ತುಂಬುತ್ತಿರುವಾಗ ಎಚ್ಚರಿಕೆಯ ಗಂಟೆ ಬಾರಿಸುವವರು ಯಾರು?

ದಡದಲ್ಲಿ ಬಲೆ ಬಿಡಿಸುತ್ತಿದ್ದ ಒಬ್ಬ ಮೀನುಗಾರರನ್ನು ಈ ಬಗ್ಗೆ ಕೇಳಿದಾಗ ಅವರು ಹೇಳಿದ್ದು ಇಷ್ಟು: “ಮೀನಿಗೇನು ಕಮ್ಮಿ ಇಲ್ಲ ಸಾರ್. ಮರಿ ಬಿಡ್ತಾರೆ, ದಪ್ಪ ಆಗುತ್ತೆ, ಹಿಡೀತೀವಿ. ಗಂಡೋ ಹೆಣ್ಣೋ ಅಂತ ಯಾರೂ ಕೇಳಲ್ಲ, ತೂಕ ಕೇಳ್ತಾರೆ.” ಅವರ ಮಾತಿನಲ್ಲಿ ತಪ್ಪಿಲ್ಲ. ಇಲಾಖೆಯ ಲೆಕ್ಕದ ಪುಸ್ತಕವೂ ಕೇಳುವುದು ತೂಕವನ್ನೇ.

ಇಲ್ಲಿಯೇ ಹುಟ್ಟಿ ಇಲ್ಲಿಯೇ ಮರಿ ಮಾಡುವ ಮೀನೆಂದರೆ ಜಿಲೇಬಿ. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯಾ ಇಂದು ದಕ್ಷಿಣದ ಬಹುತೇಕ ಕೆರೆ ಜಲಾಶಯಗಳಲ್ಲಿ ನೆಲೆಯೂರಿದೆ. ತಾಯಿ ತಿಲಾಪಿಯಾ ಮೊಟ್ಟೆಗಳನ್ನೂ ಎಳೆಯ ಮರಿಗಳನ್ನೂ ಬಾಯೊಳಗೇ ಇಟ್ಟುಕೊಂಡು ಕಾಪಾಡುತ್ತದೆ. ಆದರೆ ಆ ಬಾಯೊಳಗೆ ಹರಿಯುವುದು ಜಲಾಶಯದ ನೀರೇ. ಲಿಂಗ ನಿರ್ಧಾರವಾಗುವ ಸೂಕ್ಷ್ಮ ಕಾಲವೂ ಅದರ ಬೆನ್ನಿಗೇ ಬರುತ್ತದೆ. ಹಾಗಾದರೆ ಜಿಲೇಬಿಯ ಸಂಖ್ಯೆ ಚೆನ್ನಾಗಿದ್ದರೆ ನೀರು ಚೆನ್ನಾಗಿದೆ ಎನ್ನಬಹುದೇ? ಅದೂ ಆಗದು. ಒಂದು ಗಂಡು ಹಲವು ಹೆಣ್ಣುಗಳೊಡನೆ ಕೂಡುವ ಜಾತಿಯಿದು. ಗಂಡುಗಳು ಅರ್ಧಕ್ಕರ್ಧ ಕಡಿಮೆಯಾದರೂ ಉಳಿದ ಗಂಡುಗಳಿಂದ ಮರಿಗಳು ಬರುತ್ತಲೇ ಇರುತ್ತವೆ. ಕುಸಿತ ಕಾಣುವ ಹೊತ್ತಿಗೆ ಕೆಡುಕು ಬಹಳ ದೂರ ಸಾಗಿರುತ್ತದೆ.

ಇದಕ್ಕಿಂತ ತೊಡಕಿನ ಇನ್ನೊಂದು ಅಂಶವಿದೆ, ಅದು ಕೊಳಚೆ ನದಿಗಳಿಗೇ ವಿಶೇಷವಾದುದು. ಕೊಳಚೆ ನೀರಿನಲ್ಲಿ ಹಾರ್ಮೋನು ಹೆಚ್ಚಿರುವುದಷ್ಟೇ ಅಲ್ಲ, ಆಮ್ಲಜನಕವೂ ಕಡಿಮೆ. ಆಮ್ಲಜನಕದ ಕೊರತೆಯೇ ಮೀನಿನ ಹಾರ್ಮೋನು ವ್ಯವಸ್ಥೆಯನ್ನು ಕೆಡಿಸುತ್ತದೆ, ಅದೂ ವಿರುದ್ಧ ದಿಕ್ಕಿನಲ್ಲಿ. ಹಾಂಗ್‌ಕಾಂಗಿನ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಾಮಾನ್ಯ ನೀರಿನಲ್ಲಿ ಬೆಳೆದ ಜೀಬ್ರಾ ಮೀನುಗಳಲ್ಲಿ ಶೇಕಡಾ 61.9 ಗಂಡಾಗಿದ್ದರೆ, ಆಮ್ಲಜನಕ ಕಡಿಮೆಯಿದ್ದ ನೀರಿನಲ್ಲಿ ಆ ಪಾಲು ಶೇಕಡಾ 74.4ಕ್ಕೆ ಏರಿತ್ತು. ಹೆಚ್ಚು ಬಿಸಿಯಾದ ನೀರೂ ತಿಲಾಪಿಯಾ ಮರಿಗಳನ್ನು ಗಂಡಿನ ಕಡೆಗೆ ತಳ್ಳುತ್ತದೆ. ಒಂದೇ ಜಲಾಶಯದಲ್ಲಿ ಒಂದು ಬಲ ಹೆಣ್ಣಿನ ಕಡೆಗೆ, ಇನ್ನೊಂದು ಬಲ ಗಂಡಿನ ಕಡೆಗೆ ಎಳೆಯುತ್ತಿದ್ದರೆ, ಗಂಡು–ಹೆಣ್ಣುಗಳ ಎಣಿಕೆ ಸರಿಸಮವಾಗಿ ಬರಬಹುದು. ಎಣಿಕೆ ಸರಿಯಿದೆ ಎಂಬುದು ಆಗ ಆರೋಗ್ಯದ ಗುರುತಾಗಿ ಉಳಿಯುವುದಿಲ್ಲ. ಕೆಲವರಪಳ್ಳಿಯಂಥ ಜಾಗದಲ್ಲಿ ಲಿಂಗಾನುಪಾತವನ್ನಷ್ಟೇ ನೋಡಿ ವರದಿ ಬರೆಯುವುದು ಅಪಾಯಕಾರಿ ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ನೋಡಬೇಕಾದ ಕಡೆ ನೋಡುವುದು

ಹಾಗಿದ್ದರೆ ನೋಡಬೇಕಾದುದು ಗಂಡಿನ ದೇಹದೊಳಗಣ ಗುರುತನ್ನು. ಬೆಳೆದ ತಿಲಾಪಿಯಾವನ್ನು ಅಂಗಾತ ಮಲಗಿಸಿದರೆ ಹೊಟ್ಟೆಯ ಹಿಂಭಾಗದಲ್ಲಿ ಒಂದು ಪುಟ್ಟ ಮೊಲೆತೊಟ್ಟಿನಂಥ ಉಬ್ಬು ಕಾಣುತ್ತದೆ. ಮಲದ್ವಾರವೂ ಸೇರಿ ಗಂಡಿಗೆ ಎರಡು ರಂಧ್ರ, ಹೆಣ್ಣಿಗೆ ಮೂರು. ಮೀನು ಗಂಡೆಂದು ಹೊರಗಿನಿಂದ ಗುರುತಿಸಿದ ಮೇಲೆ ಹೊಟ್ಟೆ ಸೀಳಿ, ಬೆನ್ನೆಲುಬಿನ ಕೆಳಗೆ ಉದ್ದಕ್ಕೆ ಅಂಟಿಕೊಂಡಿರುವ ದಾರದಂಥ ಜೋಡಿ ಗ್ರಂಥಿಯಿಂದ ಒಂದು ಚೂರನ್ನು ಚಿಮುಟದಲ್ಲಿ ಎತ್ತಿ, ಗಾಜಿನ ಪಟ್ಟಿಯ ಮೇಲಿಟ್ಟು, ಅಸಿಟೊಕಾರ್ಮಿನ್ ಬಣ್ಣದ ಒಂದೆರಡು ಹನಿ ಹಾಕಿ, ಮೇಲೆ ತೆಳುಗಾಜನ್ನಿಟ್ಟು ಬೆರಳಿನಿಂದ ಮೆಲ್ಲಗೆ ಒತ್ತಬೇಕು. ಕಾಲೇಜಿನ ಸಾಧಾರಣ ಸೂಕ್ಷ್ಮದರ್ಶಕದಲ್ಲಿಯೇ ವೃಷಣದ ಅಂಗಾಂಶ ಸಣ್ಣ ಕಣಗಳ ಹಾಸಿನಂತೆ ಕಾಣುತ್ತದೆ. ಅದರ ನಡುವೆ ಗುಂಡಗೆ, ಒಳಗೆ ದೊಡ್ಡ ಕೋಶಕೇಂದ್ರವಿರುವ ಜೀವಕೋಶಗಳು ಕಂಡರೆ ಅವು ಅಂಡಕೋಶಗಳು. ತಿಲಾಪಿಯಾ ಮರಿಗಳ ಲಿಂಗ ಗುರುತಿಸಲು ಮೀನು ಸಾಕಣೆಯವರು ಬಳಸುವ ವಿಧಾನವೇ ಇದು. ಹೊಸೂರು, ಕೃಷ್ಣಗಿರಿ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳಿಗೆ ಇದು ಕೈಗೆಟುಕದ ಕೆಲಸವಲ್ಲ. ಗಂಡು ಮೀನಿನ ರಕ್ತದಲ್ಲಿ ವಿಟೆಲೊಜೆನಿನ್ ಅಳೆಯುವುದಕ್ಕೆ ಮಾತ್ರ ಸುಸಜ್ಜಿತ ಪ್ರಯೋಗಾಲಯ ಬೇಕು.

ಇನ್ನೂ ಸರಳವಾದ ಒಂದು ಸಾಕ್ಷಿ ಕಾಲುವೆಗಳಲ್ಲಿ ಸಿಕ್ಕೀತು. ಸೊಳ್ಳೆ ಮರಿಗಳನ್ನು ತಿನ್ನಲೆಂದು ದೇಶದ ಎಲ್ಲೆಡೆ ಬಿಟ್ಟಿರುವ ಗ್ಯಾಂಬೂಸಿಯಾ ಮೀನು ಕೊಳಚೆಯಲ್ಲಿಯೂ ಬದುಕುತ್ತದೆ, ಅಲ್ಲಿಯೇ ಮರಿ ಹಾಕುತ್ತದೆ, ಕೆಲವೇ ತಿಂಗಳಲ್ಲಿ ಪ್ರೌಢವಾಗುತ್ತದೆ. ಗಂಡಿನಲ್ಲಿ ಹೊಟ್ಟೆಯ ಕೆಳಗಿನ ರೆಕ್ಕೆ ಉದ್ದವಾಗಿ ಚೂಪಾಗಿ ಕೂಡುವ ಅಂಗವಾಗಿ ಮಾರ್ಪಡುತ್ತದೆ. ಈ ಮಾರ್ಪಾಟು ಗಂಡು ಹಾರ್ಮೋನಿನ ಹಿಡಿತದಲ್ಲಿರುವುದರಿಂದ, ಸ್ತ್ರೀ ಹಾರ್ಮೋನಿನ ನೀರಿನಲ್ಲಿ ಬೆಳೆದ ಗಂಡಿನ ಅಂಗ ಮೋಟಾಗುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಕಾಗದದ ಕಾರ್ಖಾನೆಯ ತ್ಯಾಜ್ಯ ಸೇರುವ ನದಿಯಲ್ಲಿ ಇದಕ್ಕೆ ವಿರುದ್ಧವಾಗಿ ಹೆಣ್ಣು ಗ್ಯಾಂಬೂಸಿಯಾಗಳಲ್ಲೇ ಗಂಡಿನ ಅಂಗ ಬೆಳೆದದ್ದನ್ನು 1980ರಲ್ಲಿ ವರದಿ ಮಾಡಲಾಯಿತು. ಭೂತಗನ್ನಡಿ, ಒಂದು ಅಳತೆಪಟ್ಟಿ ಇದ್ದರೆ ಗಂಡು ಮೀನಿನ ಉದ್ದಕ್ಕೂ ಅಂಗದ ಉದ್ದಕ್ಕೂ ಇರುವ ಪ್ರಮಾಣವನ್ನು ಬರೆದಿಡಬಹುದು. ಹೋಲಿಕೆಗೆ ಹೊಸೂರಿನ ಹತ್ತಿರದ ತಳಿ ಎಂಬ ಊರಿನ ಕಡೆಯ, ಕೊಳಚೆ ಸೇರದ ಕೆರೆಯೊಂದರ ಗ್ಯಾಂಬೂಸಿಯಾಗಳನ್ನೂ ಅದೇ ತಿಂಗಳಲ್ಲಿ ಅಳೆಯಬೇಕು. ಇಂಗ್ಲೆಂಡಿನ ಅನುಭವ ಕಲಿಸಿದಂತೆ, ಇದಿಲ್ಲದೆ ಮೊದಲನೆಯ ಅಳತೆಗೆ ಬೆಲೆಯಿಲ್ಲ.

ಹಿಂತಿರುಗುವ ದಾರಿ

ಈ ಕೆಡುಕು ಸರಿಹೋಗಬಲ್ಲದು ಎಂಬುದಕ್ಕೂ ಪುರಾವೆ ಇದೆ. ಕೆನಡಾದ ಗ್ರ್ಯಾಂಡ್ ನದಿಯಲ್ಲಿ ಕಿಚನರ್ ನಗರದ ಕೊಳಚೆ ಘಟಕದ ಕೆಳಗೆ ರೇನ್‌ಬೋ ಡಾರ್ಟರ್ ಎಂಬ ಪುಟ್ಟ ಮೀನಿನ ಗಂಡುಗಳಲ್ಲಿ ಶೇಕಡಾ 70ರಿಂದ 100ರಷ್ಟು ಅಂತರಲಿಂಗಿಗಳಾಗಿದ್ದವು, ಎಂದರೆ ಅವುಗಳ ವೃಷಣದೊಳಗೆ ಅಂಡಕೋಶಗಳಿದ್ದವು. ಘಟಕದಲ್ಲಿ ಗಾಳಿಯೂಡಿಕೆಯನ್ನು ಹೆಚ್ಚಿಸಿ ಅಮೋನಿಯಾವನ್ನು ನೈಟ್ರೇಟಾಗಿಸುವ ವ್ಯವಸ್ಥೆ ಮಾಡಿದ ಮೂರು ವರ್ಷಗಳೊಳಗೆ ಈ ಪ್ರಮಾಣ ಶೇಕಡಾ 10ಕ್ಕಿಂತ ಕೆಳಗಿಳಿಯಿತು ಎಂದು 2017ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸುತ್ತದೆ. ಅಲ್ಲಿ ಹಾರ್ಮೋನಿಗೆಂದೇ ದುಬಾರಿ ಯಂತ್ರವನ್ನು ಕೂಡಿಸಿರಲಿಲ್ಲ. ಎಸ್ಟ್ರಡಯಾಲ್, ಎಸ್ಟ್ರೋನ್‌ಗಳನ್ನು ತಿಂದು ಕರಗಿಸುವ ಬ್ಯಾಕ್ಟೀರಿಯಾಗಳಿಗೆ ಬೇಕಾದ ಆಮ್ಲಜನಕ ಮತ್ತು ಸಮಯ ಸಿಕ್ಕಿತು, ಅಷ್ಟೆ. ಬೆಂಗಳೂರಿನ ಕೊಳಚೆಯಲ್ಲಿ ಸಹಜ ಹಾರ್ಮೋನುಗಳ ಪಾಲು ಹೆಚ್ಚಿರುವುದು ನಿಜವಾದರೆ ಈ ದಾರಿ ಇಲ್ಲಿಗೆ ಇನ್ನೂ ಹೆಚ್ಚು ಒಪ್ಪುತ್ತದೆ, ಏಕೆಂದರೆ ಇಥಿನೈಲ್ ಎಸ್ಟ್ರಡಯಾಲ್‌ಗಿಂತ ಇವು ಬೇಗ ಕರಗುತ್ತವೆ. ಅಮೋನಿಯಾ ತೆಗೆಯದ ಘಟಕವನ್ನು ಅಮೋನಿಯಾ ತೆಗೆಯುವಂತೆ ಮಾಡುವುದು ಮೀನು ಸಾಯುವುದನ್ನೂ ತಪ್ಪಿಸುತ್ತದೆ, ಮೀನಿನ ಸಂತಾನವನ್ನೂ ಕಾಪಾಡುತ್ತದೆ. ಎರಡಕ್ಕೂ ಒಂದೇ ವೆಚ್ಚ.

ಹೂಳಿನ ವಿಷಯ ಬೇರೆ. ಆಮ್ಲಜನಕವಿಲ್ಲದ ಹೂಳಿನಲ್ಲಿ ಕುಳಿತ ನಾನಿಲ್‌ಫೀನಾಲ್ ಮತ್ತು ಹಾರ್ಮೋನುಗಳು, ಮೇಲಿನಿಂದ ತಿಳಿನೀರು ಬರತೊಡಗಿದ ಮೇಲೂ ಪ್ರತಿ ಮಳೆಗೆ ಕದಡಿ ಕೆಳಗಿಳಿಯುತ್ತವೆ. ಬೆಳ್ಳಂದೂರು, ವರ್ತೂರು ಕೆರೆಗಳ ಹೂಳೆತ್ತುವಾಗ ಅದನ್ನು ಎಲ್ಲಿ ಸುರಿಯಲಾಗುತ್ತದೆ ಎಂಬುದು ಹೊಸೂರಿನವರಿಗೂ ಸಂಬಂಧಿಸಿದ ಪ್ರಶ್ನೆ. ಹೂಳನ್ನು ತೆಳುವಾಗಿ ಹರಡಿ ಗಾಳಿಗೆ ಒಡ್ಡಿದರೆ ಈ ವಸ್ತುಗಳು ಬಹುಮಟ್ಟಿಗೆ ಒಡೆಯುತ್ತವೆ. ನದಿಯ ಅಂಚಿನಲ್ಲಿ ಗುಡ್ಡೆ ಹಾಕಿದರೆ ಮುಂದಿನ ಮಳೆಗೆ ಅವು ಕೆಲವರಪಳ್ಳಿಯ ತಳ ಸೇರುತ್ತವೆ. ಇದೇ ನದಿಯ ಉಪನದಿ ಮಾರ್ಕಂಡೇಯಕ್ಕೆ ಯರಗೋಳಿನಲ್ಲಿ ಕಟ್ಟಿದ ಅಣೆಕಟ್ಟಿನ ಬಗ್ಗೆ ಎರಡು ರಾಜ್ಯಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿ ವಾದಿಸಿವೆ. ಆ ವಾದವೆಲ್ಲ ನೀರು ಎಷ್ಟು ಎಂಬುದರ ಸುತ್ತ. ಎರಡೂ ರಾಜ್ಯಗಳ ಮಾಲಿನ್ಯ ನಿಯಂತ್ರಣ ಮಂಡಳಿಗಳು ನದಿಯಿಂದ ತೆಗೆಯುವ ಮಾದರಿಯ ಪಟ್ಟಿಗೆ ಜೈವಿಕ ಆಮ್ಲಜನಕ ಬೇಡಿಕೆ, ಕರಗಿದ ಆಮ್ಲಜನಕಗಳ ಸಾಲಿನಲ್ಲಿ ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮುಂಚೆ ಒಂದು ಸಲ, ಕೆಲವರಪಳ್ಳಿಯ ಗಂಡು ಜಿಲೇಬಿಗಳ ವೃಷಣದ ಪರೀಕ್ಷೆಯನ್ನೂ ಸೇರಿಸಬೇಕು, ಅದರ ಫಲಿತಾಂಶವನ್ನು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಪ್ರಕಟಿಸಬೇಕು.